ವಿಲ್ ಬರೀರಿ ಅಂದಿದ್ದಕ್ಕೆ ಮುನಿಸಿಕೊಂಡ ಮಗಳಿಗೆ

ಪುಟ್ಟಿ,

ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ, ರಶ್ಮಿಯ ಹೊಸ ಮನೆ ಗೃಹಪ್ರವೇಶದ ದಿನ ಊಟಕ್ಕೆ ಕೂತಾಗ "ಇಬ್ಬರೂ ವಿಲ್ ಬರೆದಿದ್ದೀರಾ?" ಅಂದರೆ ಯಾರಿಗಾದರೂ ಸಿಟ್ಟು ಬರುತ್ತೆ. ಹೊತ್ತುಗೊತ್ತಿಲ್ಲದ ಮಾತು, ನಿಜ. ಆದರೆ ವಾಪಸ್ ತಗೊಳ್ಳಲ್ಲ.

ನಾನು ಬ್ಯಾಂಕಿನಲ್ಲಿ ಎಫ್‌ಡಿ ಕೌಂಟರ್‌ನಲ್ಲಿದ್ದಾಗ ರಿಟೈರಾದ ಟೀಚರೊಬ್ಬರು ಬಂದಿದ್ದರು. ಜೊತೆಗೆ ಒಂದೇ ಮನೆಯಲ್ಲಿದ್ದ ಇನ್ನೊಬ್ಬ ಟೀಚರು ತೀರಿಕೊಂಡಿದ್ದರು. ರಸೀದಿಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ, ಯಾವುದು ಯಾವತ್ತು ಮುಗಿಯುತ್ತೆ ಅಂತ ಮೇಲೆ ಕೆಂಪು ಇಂಕಿನಲ್ಲಿ ಬರೆದಿತ್ತು. ಕೈಬರಹ ಕೌಂಟರ್‌ಗೆ ಬಂದವರದ್ದೇ. ನಾಮಿನಿ ಇರಲಿಲ್ಲ. ಫಾರಂನಲ್ಲಿ "ಮೃತರೊಂದಿಗೆ ಸಂಬಂಧ" ಅನ್ನೋ ಕಡೆ "ಸ್ನೇಹಿತೆ" ಅಂತ ಬರೆದರು, ಹೊಡೆದುಹಾಕಿದರು, ಪೆನ್ನು ಹಿಡಕೊಂಡು ಹಾಗೇ ನಿಂತರು. ಹಿಂದೆ ಉದ್ದ ಕ್ಯೂ. ಕೊನೆಗೆ ದುಡ್ಡು ತೀರಿಹೋದವರ ಅಣ್ಣನ ಮಗನಿಗೆ ಹೋಯಿತು. ಅತ್ತೆ ಯಾವ ಸ್ಕೂಲಲ್ಲಿದ್ದರು ಅನ್ನೋದೂ ಅವನಿಗೆ ಗೊತ್ತಿರಲಿಲ್ಲ. ಆ ಇಬ್ಬರು ಒಬ್ಬರಿಗೊಬ್ಬರು ಏನಾಗಿದ್ದರೋ, ನಾನು ಕೇಳಲಿಲ್ಲ. ರಶ್ಮಿನೇ ನಿನ್ನ ಸಂಗಾತಿ ಅಂತ ನೀನು ಹೇಳಿದ ರಾತ್ರಿ ಮೊದಲು ನೆನಪಾದದ್ದು ಆ ಕೆಂಪು ಇಂಕು.

ನೀನೂ ಅಪ್ಪನೂ ಮಾಡೋ ವಾದ ನನಗೆ ಬಾಯಿಪಾಠ. 2023ರ ಅಕ್ಟೋಬರ್ 17ಕ್ಕೆ ಸಲಿಂಗಿಗಳ ಮದುವೆ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜುಗಳೂ ಮದುವೆ ಮೂಲಭೂತ ಹಕ್ಕಲ್ಲ ಅಂದರು. ಸಂಬಂಧಕ್ಕಾದರೂ ಕಾನೂನಿನ ಮಾನ್ಯತೆ ಇರಲಿ ಅಂದವರು ಇಬ್ಬರೇ. 2025ರ ಜನವರಿಯಲ್ಲಿ ಮರುಪರಿಶೀಲನೆ ಅರ್ಜಿಗಳೂ ಬಿದ್ದುಹೋದವು. "ಪಾರ್ಲಿಮೆಂಟ್ ಕಾನೂನು ಮಾಡಲಿ, ಆಮೇಲೆ ನೋಡೋಣ" ಅಂತಾರೆ ನಿಮ್ಮಪ್ಪ. ಅಲ್ಲೀತನಕ ಯಾರೂ ಸಾಯಬಾರದು ಅಂತ ಯಾವ ಕಾನೂನಿದೆ?

2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ, ನಿಮ್ಮಂಥವರು ಜಂಟಿ ಖಾತೆ ತೆಗೆಯೋಕೆ, ಸಂಗಾತಿಯನ್ನ ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ ಹೇಳಿತು. ಸಂತೋಷ. ಆದರೆ ನಾಮಿನಿ ದುಡ್ಡು ಇಸಕೊಳ್ಳೋರು, ವಾರಸುದಾರರಲ್ಲ. ಮನೆ ಇಬ್ಬರ ಹೆಸರಲ್ಲಿದ್ದರೂ ನಿನ್ನ ಪಾಲು ತಾನಾಗಿ ರಶ್ಮಿಗೆ ಹೋಗಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನನಗೂ ಅಪ್ಪನಿಗೂ ಬರುತ್ತೆ. ನಾವಿಲ್ಲದಿದ್ದರೆ ಅಪ್ಪನ ಕಡೆಯವರಿಗೆ. ನಿಮ್ಮ ದೊಡ್ಡಪ್ಪನ ಮಕ್ಕಳು ಹೊರಮಾವು ದೂರ ಅಂತ ಗೃಹಪ್ರವೇಶಕ್ಕೇ ಬರಲಿಲ್ಲ, ಪಾಲಿಗೆ ಮಾತ್ರ ದೂರ ಆಗಲ್ಲ ನೋಡು.

ವಿಲ್‌ಗೆ ಸ್ಟಾಂಪ್ ಪೇಪರ್ ಬೇಡ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯೋರು ಸಾಕ್ಷಿ ಹಾಕಬಾರದು. ರಿಜಿಸ್ಟರ್ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ರಶ್ಮಿನೂ ಬರೀಬೇಕು, ನೀನೊಬ್ಬಳೇ ಬರೆದರೆ ಸಾಲದು. ಹಳೇ ಎಲ್‌ಐಸಿ ಪಾಲಿಸಿಗೆ ಇನ್ನೂ ನಾನೇ ನಾಮಿನಿ, ಬದಲಾಯಿಸು. ಶುರುವಾಯಿತು ಅಮ್ಮನ ಭಾಷಣ ಅಂತೀಯ. ಅನ್ನು.

ನಮ್ಮ ಮನೆತನದಲ್ಲಿ ಸ್ವಂತ ದುಡಿಮೆಯಲ್ಲಿ ಮನೆ ಮಾಡಿದ ಮೊದಲ ಹೆಣ್ಣು ನೀನು. ಅವತ್ತು ಅದನ್ನೇ ಹೇಳೋಣ ಅಂತಿದ್ದೆ.

ಮದುವೆ ವಿಷಯದಲ್ಲಿ ಅಪ್ಪನ ಮಾತು ಹಾಗೇ ಇದೆ. ಆದರೆ ವಿಲ್‌ಗೆ ಮೊದಲ ಸಾಕ್ಷಿ ತಾವೇ ಹಾಕ್ತಾರಂತೆ: "ವಾರಸುದಾರನೇ ಸಹಿ ಹಾಕಿದ ಮೇಲೆ ನಮ್ಮವರು ಯಾರು ತಕರಾರು ಮಾಡ್ತಾರೆ ನೋಡೋಣ." ಎರಡನೇ ಸಾಕ್ಷಿಗೆ ನಿಮ್ಮ ವಯಸ್ಸಿನವರನ್ನ ಕರಕೊಂಡು ಬಾ. ಶನಿವಾರ ಇಬ್ಬರೂ ಊಟಕ್ಕೆ ಬನ್ನಿ, ಆಧಾರ್ ಕಾರ್ಡ್ ಮರೀಬೇಡಿ.

ನಿನ್ನ ಅಮ್ಮ