ಕೇಂದ್ರ ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ: ಪರೀಕ್ಷೆಗೆ ಹೋದ ಹುಡುಗಿಯ ಜೊತೆ ಯಾರಿರುತ್ತಾರೆ?

ಮಾನ್ಯ ಸಚಿವರೇ,

ನಮಸ್ಕಾರ. ನಾನು ಹೈಸ್ಕೂಲ್ ಮಕ್ಕಳಿಗೆ ಓಟ ಕಲಿಸುವ ಟೀಚರ್. ತಾಲ್ಲೂಕು, ಜಿಲ್ಲಾ ಮಟ್ಟ ದಾಟಿ ಮುಂದೆ ಹೋಗುವ ಹೆಣ್ಣುಮಕ್ಕಳ ಪರವಾಗಿ ನಿಮಗೆ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 1ರಿಂದ ವಿಶ್ವ ಶ್ರೇಯಾಂಕದ ಕೂಟಗಳ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸಲು ಜೀನ್ ಪರೀಕ್ಷೆ ಕಡ್ಡಾಯ ಅಂತ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ತಂದಿದೆ. ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆಯುತ್ತಾರೆ, ಇಲ್ಲವೇ ರಕ್ತ ತೆಗೆಯುತ್ತಾರೆ. ಗಂಡಸರಲ್ಲಿರುವ ವೈ ಕ್ರೋಮೋಸೋಮಿನಲ್ಲಿ ಸಾಮಾನ್ಯವಾಗಿ ಇರುವ ಎಸ್‌ಆರ್‌ವೈ ಅನ್ನುವ ಜೀನ್ ಇದೆಯಾ ಅಂತ ನೋಡುತ್ತಾರೆ. ಇದ್ದರೆ, ಕೆಲವು ವಿನಾಯಿತಿ ಬಿಟ್ಟು, ಮಹಿಳಾ ವಿಭಾಗದಲ್ಲಿ ಓಡುವಂತಿಲ್ಲ. ಜೀವಮಾನದಲ್ಲಿ ಒಂದೇ ಸಲ. ನಿಯಮ ಆ ಸಂಸ್ಥೆಯ ಕೇಂದ್ರ ಕಚೇರಿ ಇರುವ ಮೊನಾಕೊದಲ್ಲಿ ಆಗಿದೆ, ನಿಜ. ಆದರೆ ಪರೀಕ್ಷೆ ಮಾಡಿಸುವ ಹೊಣೆ ಆಯಾ ದೇಶದ ಫೆಡರೇಷನ್ನಿನದು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಶಾಂತಿ ಸೌಂದರರಾಜನ್ ನಿಮಗೆ ನೆನಪಿರಬೇಕು. ತಮಿಳುನಾಡಿನ ಪುದುಕೊಟ್ಟೈ ಜಿಲ್ಲೆಯವರು. ಅಪ್ಪ ಅಮ್ಮ ಇಟ್ಟಿಗೆ ಗೂಡಿನ ಕೂಲಿಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಗೆದ್ದ ಮೇಲೆ ಲಿಂಗ ಪರೀಕ್ಷೆಗೆ ಕರೆದರು. ಇದು ಏನು, ಯಾಕೆ ಅಂತ ತಮಗೆ ಅರ್ಥವಾಗುವ ಹಾಗೆ ಯಾರೂ ಹೇಳಲಿಲ್ಲ ಅಂತ ಅವರು ಆಮೇಲೆ ಹೇಳಿಕೊಂಡಿದ್ದಾರೆ. ಸ್ವಲ್ಪ ದಿನದಲ್ಲೇ ಅವರ ಮೈಯ ವಿಚಾರ ಟಿವಿ, ಪೇಪರುಗಳಲ್ಲಿ ಬಂತು. ಪದಕ ಕಿತ್ತುಕೊಂಡರು. ಮಾರನೇ ವರ್ಷ ಅವರು ಪ್ರಾಣ ಕಳೆದುಕೊಳ್ಳಲು ನೋಡಿದರು. ಮುಂದೆ ಹೊಟ್ಟೆಪಾಡಿಗೆ ಅವರೂ ಇಟ್ಟಿಗೆ ಗೂಡಿಗೆ ಹೋಗಬೇಕಾಯಿತು. ಆಮೇಲೆ ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿ ಕೋಚ್ ಆದರು. ಅವರ ಛಲಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ತಾಯಿ ಮಾಡಿದ ತಪ್ಪಾದರೂ ಏನು? ಮದ್ದು ತಗೊಳ್ಳಲಿಲ್ಲ, ಮೋಸ ಮಾಡಲಿಲ್ಲ. ಹುಟ್ಟುವಾಗ ಬಂದ ಮೈಯಲ್ಲೇ ಓಡಿದರು, ಅಷ್ಟೇ.

2014ರಲ್ಲಿ ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಸರದಿ. ನೇಕಾರರ ಮನೆಯ ಮಗಳು, ಆಗ 18 ವರ್ಷ. ಗಂಡಸರಲ್ಲಿ ಹೆಚ್ಚಿರುವ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನು ಮೈಯಲ್ಲಿ ಜಾಸ್ತಿ ಇದೆ ಅಂತ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಕೈಬಿಟ್ಟರು. ಅವರು ಸುಮ್ಮನೆ ಕೂರಲಿಲ್ಲ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರ ಜುಲೈನಲ್ಲಿ ಮಂಡಳಿ ಆ ಟೆಸ್ಟೋಸ್ಟೆರಾನ್ ನಿಯಮವನ್ನೇ ತಡೆಹಿಡಿಯಿತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದ್ಯುತಿ ಎರಡು ಬೆಳ್ಳಿ ತಂದರು. ಆ ಕೇಸಿನಲ್ಲಿ ನಿಮ್ಮ ಸಚಿವಾಲಯ ಮತ್ತು ಸಾಯ್ ಅವರ ಬೆನ್ನಿಗೆ ನಿಂತಿದ್ದವು. ಬೆಂಬಲ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈ ಇಬ್ಬರಿಗಿಂತ ಬೇರೆ ಸಾಕ್ಷಿ ಬೇಕಾ?

ಮಹಿಳೆಯರ ಸ್ಪರ್ಧೆ ನ್ಯಾಯವಾಗಿ ನಡೆಯಬೇಕು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ನನ್ನ ಮಕ್ಕಳ ಪ್ರಶ್ನೆಯೂ ಹೌದು. ಆದರೆ ಒಂದು ಜೀನ್ ನೋಡಿ ತೀರ್ಪು ಕೊಡುವಷ್ಟು ಸರಳವಲ್ಲ ಈ ವಿಷಯ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೂ ಇದೇ ಜೀನ್ ಹುಡುಕಿದ್ದರು. 3,387 ಮಹಿಳೆಯರಲ್ಲಿ 8 ಮಂದಿಯಲ್ಲಿ ಸಿಕ್ಕಿತು. ಕೊನೆಗೆ ಎಂಟೂ ಜನಕ್ಕೆ ಸ್ಪರ್ಧಿಸಲು ಅವಕಾಶ ಕೊಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರಿಗೂ ಮಾಡುವ ಪರೀಕ್ಷೆಯನ್ನೇ ಕೈಬಿಟ್ಟಿತು. ಈ ಜೀನ್ ಇದ್ದರೂ ಕೆಲವರ ದೇಹಕ್ಕೆ ಟೆಸ್ಟೋಸ್ಟೆರಾನ್ ತಾಗುವುದೇ ಇಲ್ಲ. ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ ಹಾಗೇ ಇದ್ದರು. 1985ರಲ್ಲಿ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ಸ್ಕಾಲರ್‌ಶಿಪ್ ಹೋಯಿತು, ದಾಖಲೆಗಳನ್ನು ಅಳಿಸಿದರು. ಮೂರು ವರ್ಷ ಹೋರಾಡಿ ಮರಳಿ ಅರ್ಹತೆ ಪಡೆದರು. ಅಷ್ಟರಲ್ಲಿ ಓಡುವ ವಯಸ್ಸು ಜಾರಿತ್ತು. ಇಂಥವರಿಗೆ ಈಗಿನ ನಿಯಮದಲ್ಲಿ ವಿನಾಯಿತಿ ಇದೆ. ಆದರೆ ಅದನ್ನು ಪಡೆಯಲು ತಜ್ಞ ವೈದ್ಯರು ಬೇಕು, ವಕೀಲರು ಬೇಕು, ದುಡ್ಡು ಬೇಕು. ಹಳ್ಳಿಯ ಹುಡುಗಿಗೆ ಇವೆಲ್ಲ ಎಲ್ಲಿಂದ ಬರಬೇಕು ಹೇಳಿ.

ಎಸ್‌ಆರ್‌ವೈ ಜೀನನ್ನು 1990ರಲ್ಲಿ ಕಂಡುಹಿಡಿದ ಆಸ್ಟ್ರೇಲಿಯಾದ ವಿಜ್ಞಾನಿ ಆ್ಯಂಡ್ರೂ ಸಿಂಕ್ಲೇರ್ ಅವರೇ ಇದರಿಂದ ಲಿಂಗ ನಿರ್ಧರಿಸುವುದು ಸರಿಯಲ್ಲ ಅಂದಿದ್ದಾರೆ. ಈ ಮಾತನ್ನು ಭಾರತದ ಪರವಾಗಿ ವರ್ಲ್ಡ್ ಅಥ್ಲೆಟಿಕ್ಸ್ ಮುಂದೆ ಇಡಿ ಸರ್.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಸುರಕ್ಷಿತ ಕ್ರೀಡಾ ನೀತಿಗೆ ಜಾಗ ಇದೆ. ಈ ಪರೀಕ್ಷೆಗೊಳಗಾಗುವ ಮಕ್ಕಳ ರಕ್ಷಣೆಯನ್ನು ಆ ನೀತಿಯಲ್ಲೇ ಸೇರಿಸಿ. ಸ್ಯಾಂಪಲ್ ತೆಗೆಯುವ ಮೊದಲೇ ಅವಳ ಭಾಷೆಯಲ್ಲಿ ಎಲ್ಲ ವಿವರಿಸಬೇಕು. ಕನ್ನಡದ ಹುಡುಗಿಗೆ ಕನ್ನಡದಲ್ಲಿ, ಸಂತಾಲಿ ಹುಡುಗಿಗೆ ಸಂತಾಲಿಯಲ್ಲಿ. ಅವಳು ನಂಬುವ ಒಬ್ಬರು ಜೊತೆಗಿರಬೇಕು. ರಿಪೋರ್ಟ್ ಅವಳಿಗೂ ವೈದ್ಯರಿಗೂ ಬಿಟ್ಟರೆ, ನಿಯಮದ ಪ್ರಕಾರ ನೋಡಲೇಬೇಕಾದವರ ಕೈಗೆ ಮಾತ್ರ ಹೋಗಬೇಕು. ಹೊರಗೆ ಬಿಟ್ಟವರು ಎಷ್ಟೇ ದೊಡ್ಡವರಿರಲಿ, ಶಿಕ್ಷೆ ಆಗಬೇಕು. ಆಪರೇಷನ್ ಮಾಡಿಸಿಕೋ ಅಂತ ಯಾರೂ ಒತ್ತಾಯಿಸಬಾರದು. ಬಡ ದೇಶಗಳ ನಾಲ್ವರು ಯುವ ಅಥ್ಲೀಟ್‌ಗಳಿಗೆ ಆರೋಗ್ಯದ ಅಗತ್ಯ ಇಲ್ಲದಿದ್ದರೂ ಫ್ರಾನ್ಸ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ವೈದ್ಯರೇ 2013ರಲ್ಲಿ ಬರೆದು ಪ್ರಕಟಿಸಿದ್ದಾರೆ. ನಮ್ಮ ಮಕ್ಕಳಿಗೆ ಹಾಗಾಗಬಾರದು.

ಮೇಲ್ಮನವಿಯ ಖರ್ಚನ್ನು ಸರ್ಕಾರ ಕೊಡಬೇಕು. ಓಟ ನಿಂತುಹೋದರೂ ಅವಳ ಹಾಸ್ಟೆಲ್, ಓದು, ಕ್ರೀಡಾ ಕೋಟಾದ ಕೆಲಸ ನಿಲ್ಲಬಾರದು. ಶಾಂತಿಯವರನ್ನು ಕರೆಸಿ ಮಾತಾಡಿ. ಈ ನಿಯಮಗಳನ್ನು ಬರೆಯುವ ಸಮಿತಿಯಲ್ಲಿ ಅವರಿಗೊಂದು ಕುರ್ಚಿ ಕೊಡಿ.

ಇತಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ