ಪುಟ್ಟಿ ನೌಕರಿ ಬಿಡೋ ಮಾತಿಗೆ, ಅಕ್ಕಗ ಒಂದು ಪತ್ರ

ನೈರೋಬಿ, ರವಿವಾರ

ಪ್ರೀತಿಯ ಅಕ್ಕಾ,

ಮಾಮಾರಿಗೆ ನಮಸ್ಕಾರ ಹೇಳು. ಮೊನ್ನೆ ಫೋನಿನ್ಯಾಗ ನೀ ಕೇಳಿದ್ದಕ್ಕ ನೆಟ್ಟಗ ಉತ್ತರ ಕೊಡಾಕ ಆಗ್ಲಿಲ್ಲ, ಇಲ್ಲೆ ಮೀಟಿಂಗ್ ಹೊತ್ತಾಗಿತ್ತು, ಅಲ್ಲೆ ನಿನ್ನ ದನಿ ಅಳೂಹಂಗ ಆಗಿತ್ತು, ಮತ್ತ ಇಂಥಾ ಮಾತು ವಾಟ್ಸಾಪ್‌ನ್ಯಾಗ ಎರಡು ಸಾಲು ಬರದು ಮುಗಸೂವಂಥಾದ್ದೂ ಅಲ್ಲ. ನಿನ್ನ ಮಗಳು ಪುಟ್ಟಿ ಪುಣೆದ ಹಿಂಜವಡಿ ಐಟಿ ನೌಕರಿ ಬಿಟ್ಟು ಮೌಶಿ ಲೈನಿಗೆ, ಅಂದ್ರ ನನ್ನ ಲೈನಿಗೆ, ಹೋಗ್ತೀನಿ ಅಂತಾಳ, ಅದಕ್ಕ ಮೊದ್ಲ ಯುರೋಪಿನ್ಯಾಗ ಮಾಸ್ಟರ್ಸ್ ಆಗಬೇಕಂತ, ಅದಕ್ಕ ಮಾಮಾ ಹೊಲದ ಮ್ಯಾಲೆ ಸಾಲ ತಗಿಯೋ ವಿಚಾರ ಮಾಡ್ಯಾರ. ನೀ ಕೇಳಿದ್ದು ಎರಡ ಮಾತು, ಆ ಲೈನು ಅಂದ್ರ ಏನು, ಅದರಾಗ ಹೊಟ್ಟಿ ತುಂಬತೈತೇನು.

ಮೊದಲನೇದಕ್ಕ ಉತ್ತರ ಕೊಡೂದು ನನಗೂ ತ್ರಾಸ ಐತಿ ನೋಡು. ಮದುವಿ ಮನ್ಯಾಗ ಯಾರರ ಕೇಳಿದ್ರ ನೀ "ಫಾರಿನ್‌ದಾಗ ಇದಾಳ್ರಿ, ಪರಿಸರದ್ದು ಏನೋ ಮಾಡ್ತಾಳ" ಅಂದು ಮುಗಿಸಿಬಿಡ್ತಿ, ಅದು ಚೊಲೋನ. ಪರಿಸರ ಪಾಲಿಸಿ ಅಂತ ಶುರು ಆತು, ಆಮ್ಯಾಲೆ ಡೆವಲಪ್‌ಮೆಂಟ್ ಪ್ರಾಜೆಕ್ಟು, ನಡುನಡುವ ಕಾಲೇಜಿನ್ಯಾಗ ಕಲಿಸೂದು, ಈಗ ಲೀಡರ್‌ಶಿಪ್ ಕನ್ಸಲ್ಟಿಂಗ್. ಕೇಳಿದವ್ರಿಗೆ ಒಂದ್ಕಡೆ ನಿಂದ್ರದ ಹೆಣಮಗಳು ಅನ್ನಿಸ್ತೈತಿ. ಅನ್ನಿಸ್ಲಿ ಬಿಡು. ಆದ್ರ ಪುಟ್ಟಿಗೆ ಗೊತ್ತಿರಬೇಕಾದ್ದು ಏನಂದ್ರ ಈ ಎಲ್ಲಾದಕ್ಕೂ ನನಗ ಬಂಡವಾಳ ಸಿಕ್ಕಿದ್ದು ಯಾವ ಯೂನಿವರ್ಸಿಟಿದಾಗೂ ಅಲ್ಲ, ಪುಣೆದ ಒಂದು ಭಂಗಾರ ಅಂಗಡಿ, ಅಂದ್ರ ಗುಜರಿ ಅಂಗಡಿ ಮುಂದ.

ನಾ ಪುಣೆಕ್ಕ ಹೋದಾಗ ಅಲ್ಲೆ ಕಸ ಆಯೋ ಹೆಣಮಕ್ಳದು ಆಗ್ಲೇ ಒಂದು ಗಟ್ಟಿ ಸಂಘಟನೆ ಇತ್ತು, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅಂತ, 1993ರಾಗ ಕಟ್ಟಿದ್ದು. ಅದರಿಂದನ ಸ್ವಚ್ಛ್ ಅನ್ನೋ ಸಹಕಾರಿ ಸಂಘ ಹುಟ್ಟಿ, 2008ರಾಗ ಪುಣೆ ಮಹಾನಗರಪಾಲಿಕಿ ಜೋಡಿ ಕರಾರು ಆಗಿ, ಮನಿಮನಿಗೆ ಹೋಗಿ ಕಸ ಎತ್ತೂದು ಅವ್ರ ಕೆಲಸ ಆತು. ಮನಿಯವ್ರು ತಿಂಗಳಾ ಕೊಡೋ ಶುಲ್ಕನೂ ಅವ್ರಿಗೆ, ಮಾರಿದ ಭಂಗಾರದ ರೊಕ್ಕನೂ ಅವ್ರಿಗೆ. ನಾ ಆವಾಗ ಒಂದು ಸಣ್ಣ ಆಫೀಸಿನ್ಯಾಗ ರಿಪೋರ್ಟ್ ಬರಿಯಾಕಿ, ಊರ ಕಸದ ಮ್ಯಾಲೆ ಕೇಂದ್ರ ಸರ್ಕಾರ 2000ದಾಗ ಮಾಡಿದ ನಿಯಮ ನೆಲದ ಮ್ಯಾಲೆ ಎಷ್ಟು ನಡದೈತಿ ನೋಡಿ ಬಾ ಅಂತ ಕಳಿಸಿದ್ರು.

ಅಲ್ಲೆ ಒಬ್ಬಾಕಿ ಸಿಕ್ಲು, ಅಕ್ಕಲಕೋಟ ಕಡೆಯಾಕಿ, ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ. ನಾ ಧಾರವಾಡದಾಕಿ ಅಂದಕೂಡ್ಲೆ "ಅಯ್ಯ, ನಮ್ಮಾಕಿನ ಅಲ್ಲೇನ ನೀ" ಅಂದು ಗಾಡಿ ನೂಕಾಕನ ಹಚ್ಚಿದ್ಲು. ಮುಂಜಾನೆ ಆರಕ್ಕ ಕೋಥ್ರೂಡಿನ ಅಪಾರ್ಟ್‌ಮೆಂಟ್ ಸೊಸೈಟಿಗೋಳು, ಮಧ್ಯಾಹ್ನ ರಸ್ತೆ ಬಾಜೂ ಚೀಲ ಸುರುವಿ ವಿಂಗಡ ಮಾಡೂದು. ಬಾಟ್ಲಿ ಬ್ಯಾರೆ, ಮುಚ್ಚಳ ಬ್ಯಾರೆ, ಯಾಕಂದ್ರ ಬಾಟ್ಲಿದು ಒಂದು ನಮೂನಿ ಪ್ಲಾಸ್ಟಿಕ್ಕು, ಮುಚ್ಚಳದ್ದು ಇನ್ನೊಂದು, ಕೂಡಿಸಿ ಒಯ್ದ್ರ ಅಂಗಡಿಯಾಂವ ರೇಟು ಇಳಸ್ತಾನ. ರದ್ದಿ ಬ್ಯಾರೆ, ಪುಠ್ಠಾ ಬ್ಯಾರೆ, ಹಾಲಿನ ಪಾಕೀಟು ಬ್ಯಾರೆ. ಚಿಪ್ಸಿನ ಪಾಕೀಟು ಮಾತ್ರ ಯಾವ ಅಂಗಡಿಯಾಂವನೂ ಮುಟ್ಟಾಂಗಿಲ್ಲ, ಒಳಗ ಬೆಳ್ಳಿಹಂಗ ಹೊಳಿಯೋ ಪದರ ಇರತೈತಲ್ಲ, ಅದನ್ನ ಬಿಡಸಾಕ ಬರಾಂಗಿಲ್ಲ, ಹಂಗಾಗಿ ಅದನ್ನ ಎತ್ತಿ ಹೊರೋದು ಅಕಿ ಪಾಲಿಗೆ, ರೊಕ್ಕ ಯಾರ ಪಾಲಿಗೂ ಇಲ್ಲ. ಮಳಿಗಾಲದಾಗ ರದ್ದಿ ತೊಯ್ದಿರತೈತಿ, ಕಾಂಟಾದ ಮ್ಯಾಲೆ ಇಡೂಕಿಂತ ಮೊದ್ಲ ಅಂಗಡಿಯಾಂವ ನೀರಿನ ತೂಕ ಅಂತ ಒಂದಿಷ್ಟು ಕಡದುಬಿಡ್ತಿದ್ದ, ಎಷ್ಟು ಕಡಿಯೂದು ಅನ್ನೂದು ಅವನ ಮರ್ಜಿ. ಅಕಿ ಜಗಳಾಡಾಕಿ, ಬರೊಬ್ಬರಿ ಜಗಳಾಡಾಕಿ. ಆದ್ರ ಮರುದಿನಾನೂ ಅವನ ಅಂಗಡಿಗೇ ಹೋಗಬೇಕಲ್ಲ, ಕೈಗಡ ಕೊಡಾಂವ ಅವನ.

2008ರ ಕಡಿಗೆ ಅಮೆರಿಕಾದಾಗ ಬ್ಯಾಂಕ್ ಮುಳುಗಿದ್ವು ನೆನಪೈತೇನು, ಟಿವಿದಾಗ ಲೇಮನ್ ಲೇಮನ್ ಅಂತಿದ್ರು. ಆ ವ್ಯಾಳ್ಯಾದಾಗ ಪ್ಲಾಸ್ಟಿಕ್ ಮಾಡೋ ಕಚ್ಚಾ ಎಣ್ಣಿ ರೇಟು ಬಿತ್ತು, ಹೊಸಾ ಪ್ಲಾಸ್ಟಿಕ್ಕು ಸೋವಿ ಆತು, ಕಾರಖಾನಿಗೋಳು ಹಳೇದನ್ನ ಕೇಳೋದು ಬಿಟ್ಟ್ವು, ಕೋಥ್ರೂಡಿನ್ಯಾಗ ಬಾಟ್ಲಿ ರೇಟು ಧಡ್ ಅಂತ ಇಳೀತು. ಅಕಿ ನನ್ನ ಕೇಳಿದ್ಲು, ನಾವೇನರ ತಪ್ಪ ಮಾಡೇವೇನ ತಂಗಿ ಅಂತ. ಪಾಲಿಸಿ ಅಂದ್ರ ಏನು ಅಂತ ನನಗ ತಿಳದದ್ದು ಅವತ್ತ. ನಿಯಮದಾಗ "ಕಸ ಬ್ಯಾರೆ ಬ್ಯಾರೆ ಮಾಡಬೇಕು" ಅಂತ ಇತ್ತು, ಹಂಗ ಮಾಡೋರಿಗೆ ಕೈಗವಸು ಯಾರು ಕೊಡ್ತಾರ, ರೇಟು ಬಿದ್ರ ಯಾರು ತಡಕೋತಾರ ಅನ್ನೂದು ಇರಲಿಲ್ಲ.

ಇನ್ನೊಂದು ಹೇಳಬೇಕು. ವಾರ್ಜೆ ಕಡೆ ಕಟ್ಟಡ ಕೆಲಸಕ್ಕ ಬಂದ ನಮ್ಮ ಯಾದಗಿರಿ, ಕಲಬುರಗಿ ಮಂದಿ ಪತ್ರಾದ ಶೆಡ್ಡಿನ್ಯಾಗ ಇರ್ತಿದ್ರು, ಮುಂಜಾನೆ ಕೂಲಿ ಅಡ್ಡಾದಾಗ ನಿಂತ್ರ ಅರ್ಧಕ್ಕರ್ಧ ಕನ್ನಡ ಕೇಳ್ತಿತ್ತು. ಮೂವತ್ತು ಮಾಳಿಗಿ ಕಟ್ಟೋ ಮಂದಿ ಇರೋ ಜಾಗಾಕ್ಕ ಕಸದ ಗಾಡಿ ಬರ್ತಿರಲಿಲ್ಲ, ಯಾಕಂದ್ರ ಶುಲ್ಕ ಮನಿಗೆ ಇಷ್ಟು ಅಂತ, ಶೆಡ್ಡು ಯಾರ ಲೆಕ್ಕದಾಗೂ ಮನಿ ಅಲ್ಲ. ಅತ್ಲಾಗ ಉರುಳಿ ದೇವಾಚಿ ಊರಿನವ್ರು ನಮ್ಮೂರಾಗ ನಿಮ್ಮ ಕಸ ಬ್ಯಾಡ ಅಂತ ಲಾರಿ ತಡದು ನಿಂತ್ರ ಇಡೀ ಪುಣೆ ಮೂಗು ಮುಚ್ಚಿಕೋತಿತ್ತು. ಪುಟ್ಟಿ ಇರೋ ಸೊಸೈಟಿ ಗೇಟಿನ ಹೊರಗ ಇಂಥಾದ್ದು ಇವತ್ತಿಗೂ ನಡದೈತಿ, ಅಕಿ ಒಮ್ಮೆರ ಇಳದು ನೋಡ್ಯಾಳೇನು ಕೇಳು.

ಈಗ ಈ ಊರಿನ ಮಾತು. ನೈರೋಬಿಗೆ ಯಾಕ ಬಂದೆ ಅಂದ್ರ ವಿಶ್ವಸಂಸ್ಥೆದ ಪರಿಸರ ಕಾರ್ಯಕ್ರಮದ ಮುಖ್ಯ ಕಚೇರಿ ಇಲ್ಲೆ ಐತಿ, ಗಿಗಿರಿ ಅನ್ನೋ ಕಡೆ, ಸುತ್ತಲೂ ನೂರಾರು ಸಂಸ್ಥೆಗೋಳು, ನಮ್ಮಂಥಾ ಕರಾರಿನ ಮಂದಿ ಅವುಗಳ ಸುತ್ತ. ಕೀನ್ಯಾದವ್ರು 2017ರ ಆಗಸ್ಟ್ 28ಕ್ಕ ಪ್ಲಾಸ್ಟಿಕ್ ಕೈಚೀಲ ಬಂದ್ ಮಾಡಿದ್ರು, ಕಾಯ್ದೆದಾಗ ನಾಕು ವರ್ಷದ ತನಕ ಜೇಲು ಐತಿ, ನಮ್ಮ ಕಡೆಯಂಗ ಕಾಗದದ ಮ್ಯಾಲೆ ಅಷ್ಟ ಅಲ್ಲ, ರಸ್ತೆ ಮ್ಯಾಲೆ ಫರಕು ಕಾಣ್ತೈತಿ. ಆದ್ರ ದಂಡೋರಾ ಅಂತ ಕಸದ ಗುಡ್ಡ ಐತಿ, ಅಲ್ಲೆ ನಿಂತ್ರ ಅಕ್ಕಲಕೋಟದಾಕಿನ ಕಣ್ಮುಂದ ಬರ್ತಾಳ, ಅದ ಚೀಲ, ಅದ ಕಾಂಟಾ, ಅದ ಜಗಳ.

2022ರ ಮಾರ್ಚಿನ್ಯಾಗ ಇದ ಊರಾಗ ಜಗತ್ತಿನ ದೇಶಗೋಳು ಕೂಡಿ ಪ್ಲಾಸ್ಟಿಕ್ ಮಾಲಿನ್ಯಕ್ಕ ಒಂದು ಒಪ್ಪಂದ ಮಾಡೋಣು ಅಂತ ಠರಾವು ಮಾಡಿದ್ರು. ಆ ಠರಾವಿನ್ಯಾಗ ಒಂದು ಸಾಲು ಐತಿ, ಅಸಂಘಟಿತ ಮತ್ತ ಸಹಕಾರಿ ವ್ಯವಸ್ಥಾದಾಗ ಕೆಲಸ ಮಾಡೋರು ಕಸ ಎತ್ತೂದ್ರಾಗ, ವಿಂಗಡ ಮಾಡೂದ್ರಾಗ ಕೊಟ್ಟ ಪಾಲನ್ನ ಮಾನ್ಯ ಮಾಡೂದು ಅಂತ. ಓದಿ ನಾ ಕುರ್ಚಿ ಮ್ಯಾಲೆ ಸುಮ್ನ ಕುಂತುಬಿಟ್ಟೆ. ಪುಣೆದ ಹೆಣಮಕ್ಳು ಗುರುತಿನ ಚೀಟಿ ಕೊಡ್ರಿ ಅಂತ ಕೇಳಾಕ ಶುರು ಮಾಡಿ ಎಷ್ಟು ವರ್ಷ ಆಗಿತ್ತು ಲೆಕ್ಕಾ ಹಾಕು. ಹಂಗಂತ ಭಾಳ ಉಬ್ಬಬ್ಯಾಡ, ಆ ಒಪ್ಪಂದ ಇನ್ನೂ ಆಗಿಲ್ಲ. ದಕ್ಷಿಣ ಕೊರಿಯಾದ ಬುಸಾನಿನ್ಯಾಗ 2024ಕ್ಕ ಮುಗೀತೈತಿ ಅಂದ್ರು, ಮುಗೀಲಿಲ್ಲ, 2025ರ ಆಗಸ್ಟಿನ್ಯಾಗ ಜಿನೀವಾದಾಗ ಮತ್ತ ಕುಂತ್ರು, ಅಲ್ಲೂ ಮುರೀತು. ಪ್ಲಾಸ್ಟಿಕ್ ಮಾಡೂದನ್ನ ಕಡಿಮಿ ಮಾಡ್ರಿ ಅನ್ನೋರು ಒಂದ್ಕಡೆ, ಎಣ್ಣಿ ಮಾರೋ ದೇಶಗೋಳು ಒಂದ್ಕಡೆ. ಹೊಲದ ಬದುವಿನ ವ್ಯಾಜ್ಯ ಇದ್ದಂಗ, ಯಾರೂ ಹಿಂದ ಸರ್ಯಾಂಗಿಲ್ಲ, ತಾರೀಖು ಮಾತ್ರ ಸರೀತೈತಿ.

ಡೆವಲಪ್‌ಮೆಂಟ್ ಕೆಲಸದ ಬಗ್ಗೆ ಪುಟ್ಟಿ ತಲ್ಯಾಗ ಹಳ್ಳಿ, ಜೀಪು, ನಗೋ ಹುಡುಗೂರು ಇದಾವ. ಖರೇ ಅಂದ್ರ ಅದು ಎಕ್ಸೆಲ್ ಶೀಟು. ಲಾಗ್‌ಫ್ರೇಮ್ ಅಂತ ಒಂದು ಕೋಷ್ಟಕ ಐತಿ, 1969ರಾಗ ಹೊರದೇಶಕ್ಕ ನೆರವು ಕೊಡೋ ಅಮೆರಿಕಾದ ಸಂಸ್ಥೆ ಯುಎಸ್‌ಏಡ್‌ಗೆ ಅಂತ ಮಾಡಿದ್ದು, ರೊಕ್ಕ ಎಷ್ಟು ಹೋತು, ಏನು ಬಂತು, ಅದಕ್ಕ ಪುರಾವೆ ಏನು ಅಂತ ಚೌಕ ಚೌಕದಾಗ ತುಂಬೂದು. ಮೂರು ತಿಂಗಳಿಗೊಮ್ಮೆ ತುಂಬೂದು. ನಾ ಅದನ್ನ ಬೈಯಾಂಗಿಲ್ಲ, ಪರರ ರೊಕ್ಕಕ್ಕ ಹಿಸಾಬು ಕೊಡಬೇಕು. ಆದ್ರ "ತರಬೇತಿ ಪಡದ ಹೆಣಮಕ್ಳು: ಇಷ್ಟು" ಅಂತ ಬರದ ಚೌಕದಾಗ ನೀರಿನ ತೂಕ ಕಡಿಯೋ ಅಂಗಡಿಯಾಂವ ಎಲ್ಲೂ ಬರಾಂಗಿಲ್ಲ.

ಹೊಟ್ಟಿ ಪಾಡಿನ ಮಾತಿಗೆ ಇದನ್ನ ಕೇಳು. 2025ರ ಜನವರಿದಾಗ ಅಮೆರಿಕಾ ಹೊರದೇಶದ ನೆರವು ತಡದುಬಿಟ್ತು, ಜುಲೈ 1ಕ್ಕ ಯುಎಸ್‌ಏಡ್‌ನ ಮುಚ್ಚಿದ್ರು. ನಾ ಇರೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನ್ಯಾಗ ಆ ತಿಂಗಳುಗಳಾಗ ಬರೇ ಸೋಫಾ, ಫ್ರಿಜ್ಜು, ಹುಡುಗೂರ ಸೈಕಲ್ಲು ಮಾರಾಟಕ್ಕ. ಭಾಳ ಓದಿದವ್ರು, ಭಾಳ ಅನುಭವದವ್ರು. ಪ್ರಾಜೆಕ್ಟ್ ಮುಗಿದ್ರ ನೌಕರಿ ಮುಗೀತು, ಪೆನ್ಶನ್ ಇಲ್ಲ ಏನಿಲ್ಲ, ಈ ಲೈನಿನ್ಯಾಗ ದಪ್ಪ ಪಗಾರದವ್ರು ಇದಾರ ಖರೇ, ಗಟ್ಟಿ ನೆಲದ ಮ್ಯಾಲೆ ನಿಂತವ್ರು ಕಡಿಮಿ. ಇದನ್ನ ಮಾಮಾಗ ಎರಡು ಸರ್ತಿ ಓದಿ ಹೇಳು.

ಕಲಿಸೂದ್ರಾಗ ರೊಕ್ಕ ಎಲ್ಲಾದಕ್ಕಿಂತ ಕಡಿಮಿ, ನನಗ ಸೇರೂದು ಅದ. ಎಲಿನಾರ್ ಆಸ್ಟ್ರಮ್ ಅಂತ ಒಬ್ಬಾಕಿ, ಅರ್ಥಶಾಸ್ತ್ರಕ್ಕ ನೊಬೆಲ್ ತಗೊಂಡ ಮೊದಲ ಹೆಣಮಗಳು, 2009ರಾಗ. ಊರಮಂದಿ ತಾವ ಕಟ್ಟು ಮಾಡಿಕೊಂಡು ಕೆರಿ, ಅಡವಿ ಕಾಯ್ಕೋತಾರ, ಎಲ್ಲಾದಕ್ಕೂ ಸರ್ಕಾರ ಇಲ್ಲಾ ಸಾವ್ಕಾರ ಬೇಕು ಅಂತಿಲ್ಲ ಅಂತ ತೋರಿಸಿದಾಕಿ. ಅಕಿ ಬಗ್ಗೆ ಪಾಠ ಮಾಡೋ ದಿನ ನಾ ಹುಡುಗೂರಿಗೆ ಒಂದು ಆಟ ಆಡಸ್ತೀನಿ: ಒಬ್ರು ಪಾಲಿಕಿ ಆಯುಕ್ತರು, ಒಬ್ರು ಸೊಸೈಟಿ ಚೇರ್‌ಮನ್ನು, ಒಬ್ರು ಭಂಗಾರದಾಂವ, ಒಬ್ರು ಕಸ ಆಯೋರು, ಶುಲ್ಕ ಎಷ್ಟು ಅಂತ ಠರಾಯಿಸ್ರಿ. ಒಂದ್ಸಲ ಕೀನ್ಯಾದ ಕಿಸುಮು ಊರ ಕಡಿ ಹುಡುಗಿ, ಕಸ ಆಯೋ ಪಾತ್ರದಾಕಿ, ಆಟ ಮುಗಿಯೂತನ ಬಾಯಿ ಬಿಡಲಿಲ್ಲ. ಯಾಕ ಅಂತ ಕೇಳಿದ್ರ "ಮೀಟಿಂಗಿಗೆ ಬಂದ ದಿನದ ಕೂಲಿ ನನಗ ಯಾರು ಕೊಡ್ತಾರ, ನಾ ಬಂದೇ ಇಲ್ಲ ಅಂತ ತಿಳ್ಕೋರಿ" ಅಂದ್ಲು. ಅಂಥಾ ಉತ್ತರ ನನ್ನ ಸ್ಲೈಡಿನ್ಯಾಗ ಇರಲಿಲ್ಲ. ಮರುವರ್ಷದಿಂದ ಆ ಆಟದಾಗ ಕೂಲಿನೂ ಸೇರಿಸೀನಿ.

ಇನ್ನ ಲೀಡರ್‌ಶಿಪ್ ಕನ್ಸಲ್ಟಿಂಗ್, ರೊಕ್ಕ ಇರೂದು ಇಲ್ಲೆ, ಅರ್ಧಾ ಡೌಲು ಇರೂದೂ ಇಲ್ಲೆ. ರೆಸಾರ್ಟು, ಬಣ್ಣಬಣ್ಣದ ಚೀಟಿ, ಗೋಡಿ ತುಂಬ ಚಾರ್ಟು, "ನಿಮ್ಮ ಟೀಮಿನ ಪ್ರಾಣಿ ಯಾವುದು" ಅಂತ ಕೇಳೋ ಗುರುಗೋಳು. ಅದನ್ನೆಲ್ಲಾ ಬಿಟ್ರ ಒಳಗ ತಿರುಳು ಐತಿ. ಹಾರ್ವರ್ಡಿನ ರೊನಾಲ್ಡ್ ಹೈಫೆಟ್ಜ್ ಅನ್ನಾಂವ ಹೇಳ್ತಾನ, ಕೆಲವು ತೊಂದ್ರಿ ಜಾಣರನ್ನ ಕರದ್ರ ಬಗೀಹರೀತಾವ, ಕೆಲವು ಹಂಗಲ್ಲ, ಅಲ್ಲೆ ಕುಂತವ್ರ ತಮ್ಮ ರೀತಿ ಬದಲ್ ಮಾಡಬೇಕು, ಏನರ ಕಳಕೋಬೇಕು, ಅದಕ್ಕ ಯಾರೂ ಒಪ್ಪಾಂಗಿಲ್ಲ. ಇಂಡಿಯಾದಾಗ ಈಗ ಪ್ಯಾಕಿಂಗ್ ಮಾಡೋ ಕಂಪನಿಗೋಳು ತಮ್ಮ ಪ್ಲಾಸ್ಟಿಕ್ಕಿಗೆ ತಾವ ಜವಾಬ್ದಾರಿ ಅಂತ 2022ರಿಂದ ನಿಯಮ ಬಿಗಿ ಆಗೈತಿ, ಶೇರು ಬಜಾರ ನೋಡ್ಕೊಳ್ಳೋ ಸೆಬಿ ದೊಡ್ಡ ಸಾವಿರ ಕಂಪನಿಗೆ ಪರಿಸರದ ವರದಿ ಕಡ್ಡಾಯ ಮಾಡೈತಿ, ಹಂಗಾಗಿ ಮ್ಯಾನೇಜರು ಮಂದಿಗೆ ನಮ್ಮಂಥವ್ರು ಬೇಕಾಗ್ಯಾರ. ಚಾಕಣ ಕಡೆ ಒಂದು ಕಾರಖಾನಿದವ್ರಿಗೆ ಆನ್‌ಲೈನ್ ಸೆಷನ್ ಮಾಡಿದ್ನಿ, ಒಬ್ರು ಸಾಹೇಬ್ರು ಅರ್ಧಾ ತಾಸು ಪ್ಲಾಸ್ಟಿಕ್ ಮರುಬಳಕೆದ ಸರ್ಟಿಫಿಕೇಟಿನ ಬಗ್ಗೆನ ಕೇಳಿದ್ರು. ನಾ ಚಿಪ್ಸಿನ ಪಾಕೀಟು ಯಾರು ಎತ್ತತಾರ ಅಂದೆ. ಗಪ್. ಆ ಗಪ್ಪಿಗೇ ನನಗ ಫೀಸು ಕೊಡ್ತಾರ ಅಂತ ತಿಳ್ಕೋ, ಮತ್ತ ಆ ಪ್ರಶ್ನಿ ನನಗ ಕೊಟ್ಟಾಕಿ ಕೋಥ್ರೂಡಿನ್ಯಾಗ ಗಾಡಿ ನೂಕಾಕಿ.

ಹಿಂಗಾಗಿ ಪುಟ್ಟಿಗೆ ನನ್ನ ಮಾತು ಇಷ್ಟ. ನೌಕರಿ ಈಗಲೇ ಬಿಡಬ್ಯಾಡ. ಶನಿವಾರ ರವಿವಾರ ಆರಕ್ಕ ಎದ್ದು ಒಂದು ಮಳಿಗಾಲ ಪೂರ್ತಿ ಕಸ ಎತ್ತೋರ ಜೋಡಿ ತಿರುಗಾಡ್ಲಿ, ಫೋಟೋ ತಗದು ಹಾಕೂದಲ್ಲ, ತೂಕ, ರೇಟು, ಕಡಿತ ಒಂದು ವಹಿದಾಗ ಬರೀಲಿ. ಅಕಿಗೆ ಡೇಟಾ ಕೆಲಸ ಬರ್ತೈತಿ, ನಮ್ಮ ಲೈನಿನ್ಯಾಗ ಅದು ಬರೋರು ಭಾಳ ಕಡಿಮಿ, ಅದ ಅಕಿ ಕೈಯಾಗಿನ ಗಟ್ಟಿ ಹತಾರ. ಮಳಿಗಾಲ ಮುಗಿದ ಮ್ಯಾಲೂ ಇದ ಬೇಕು ಅಂದ್ರ ಮಾಸ್ಟರ್ಸಿಗೆ ಸ್ಕಾಲರ್‌ಶಿಪ್ ಅದಾವ, ಅರ್ಜಿ ನಾ ಕುಂತು ಬರಸ್ತೀನಿ, ಆ ವಹಿ ಇದ್ರ ಅರ್ಜಿನೂ ಬ್ಯಾರೆದವ್ರಕಿಂತ ಭಾರ ಆಗ್ತೈತಿ. ಬೇಸರ ಬಂತಂದ್ರ ಹಿಂಜವಡಿ ಎಲ್ಲೂ ಓಡಿ ಹೋಗಾಂಗಿಲ್ಲ.

ಹೊಲದ ಮ್ಯಾಲೆ ಸಾಲ ಮಾತ್ರ ಬ್ಯಾಡ್ರಿ ಅಂತ ಮಾಮಾಗ ಕೈಮುಗದು ಹೇಳೀನಿ ಅನ್ನು. ಅವ್ರಿಗೆ ಸಿಟ್ಟು ಬಂದ್ರ ನನಗ ಫೋನ್ ಮಾಡ್ಲಿ, ನಿಮ್ಮ ರಾತ್ರಿ ಒಂಬತ್ತಕ್ಕ ನಮಗ ಆರೂವರಿ, ಆ ಹೊತ್ತಿಗೆ ನಾ ಮನ್ಯಾಗ ಇರ್ತೀನಿ. ಇಲ್ಲೆ ಜ್ವಾಳದ ಹಿಟ್ಟು ಸಿಗತೈತಿ, ಕೆಂಪು ಜ್ವಾಳದ್ದು, ರೊಟ್ಟಿ ಬಡದ್ರ ಅಂಚಿಗೆ ಒಡೀತಾವ, ಆದ್ರೂ ನಡಸೀನಿ. ಯಾರರ ಈ ಕಡೆ ಬರೋರು ಇದ್ರ ಗುರೆಳ್ಳ ಚಟ್ನಿ ಕಳಸು, ಶೇಂಗಾದ್ದು ಇನ್ನೂ ಐತಿ.

ನಿನ್ನ ತಂಗಿ