ಬನಶಂಕರಿ ಜಾತ್ರೆ ಮತ್ತು ಗುಳೇದಗುಡ್ಡದ ಖಣ: ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಬನದ ಹುಣ್ಣಿಮೆಗೆ (ಪುಷ್ಯ ಮಾಸದ ಹುಣ್ಣಿಮೆ) ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಬಾದಾಮಿ ಬನಶಂಕರಿ ಜಾತ್ರೆಯು ವೃತ್ತಿ ನಾಟಕ ಕಂಪನಿಗಳಿಗೆ ಇಂದಿಗೂ ದೊಡ್ಡ ಆಸರೆಯಾಗಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು ಸ್ವತಃ ನಾಟಕ ಕಂಪನಿ ಕಟ್ಟಿದ್ದರೆಂಬುದನ್ನು ನೆನೆದರೆ, ಈ ಸೀಮೆಯಲ್ಲಿ ಪಾಠಶಾಲೆಗೂ ರಂಗಭೂಮಿಗೂ ಎಷ್ಟು ಹತ್ತಿರದ ನಂಟಿತ್ತೆಂಬುದು ತಿಳಿಯುತ್ತದೆ.

ಈ ಬಾರಿಯ ಜಾತ್ರೆಯಲ್ಲಿ ನಮ್ಮ ಗುಂಪು ಉಡುಪಿನ ದಾಖಲೆಗೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಕಳಕಳಿಯ ವಿನಂತಿ. ಇಳಕಲ್ ಸೀರೆಯ ಒಡಲಿನ ಹಾಸನ್ನೂ (ಮಗ್ಗದ ಉದ್ದನೆಯ ಎಳೆಗಳು) ಸೆರಗಿನ ಹಾಸನ್ನೂ ‘ಟೋಪ ತೆನಿ’ ವಿಧಾನದಲ್ಲಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣದಲ್ಲಿ ಒಡಲಿನ ತುಂಬ ಸಣ್ಣ ಬುಟ್ಟಾಗಳಿದ್ದು (ನೇಯ್ದ ಚಿಕ್ಕ ಚಿತ್ತಾರಗಳು), ಅಂಚು ತೋಳಿನ ಕೊನೆಗೆ ಬರುವಂತೆ ಕತ್ತರಿಸಿ ಕುಪ್ಪಸ ಹೊಲಿಯುತ್ತಾರೆ. ಈ ಕತ್ತರಿಕೆ ಬಲ್ಲ ಹಿರಿಯ ದರ್ಜಿಗಳ ಕೈಕೆಲಸವನ್ನು ದಾಖಲಿಸುವುದು ನನಗೆ ಎಲ್ಲಕ್ಕಿಂತ ತುರ್ತಾಗಿ ತೋರುತ್ತದೆ.

ಮನೆಯಲ್ಲಿ ಹಳೆಯ ಕುಪ್ಪಸ, ಸೀರೆ ಅಥವಾ ರಂಗವೇಷಗಳಿದ್ದರೆ ಒಳಹೊಲಿಗೆ ಕಾಣುವಂತೆ ಚಿತ್ರ ತೆಗೆದು, ಊರು ಮತ್ತು ಅಂದಾಜು ಕಾಲದ ವಿವರದೊಂದಿಗೆ ಇಲ್ಲಿ ಹಂಚಿಕೊಳ್ಳಿ. ದಯವಿಟ್ಟು ಅವನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ.